ನಾಲ್ಕು ಸುತ್ತಿನ ಡಬ್ಬಿ

ಅವಳ ಎರಡು ಕೈಗೂ ಗಡಿಯಾರ. ಬಲಗೈಯದು ಅವಳದೇ, ಇಳಿದ ಊರಿನ ಹೊತ್ತಿಗೆ ಅದನ್ನು ತಿರುಗಿಸಿಕೊಳ್ಳುತ್ತಿದ್ದಳು. ಎಡಗೈಯದು ಮಗಳದು. ಗುಲಾಬಿ ಪಟ್ಟಿ, ಕೊನೆಯ ತೂತಿಗೆ ಸಿಕ್ಕಿಸಿದರೂ ಮಣಿಕಟ್ಟಿನ ಮೇಲೆ ಗೆರೆ ಮೂಡಿಸುವಷ್ಟು ಬಿಗಿ. ಅದನ್ನು ಮಾತ್ರ ಯಾವ ಊರಿನಲ್ಲೂ ಮುಟ್ಟುತ್ತಿರಲಿಲ್ಲ. ಮನೆಯವರು ಅದಕ್ಕೆ ಡಬ್ಬಿ ಗಡಿಯಾರ ಎಂದು ಹೆಸರಿಟ್ಟಿದ್ದರು.

ಡಬ್ಬಿ ಎಂದರೆ ಅವಳ ಅನ್ನ. ಒಂದೂರಿನಲ್ಲಿ ಯಾರೋ ಪುಣ್ಯಾತ್ಮರು ತಮ್ಮ ಮೂಳೆಯೊಳಗಿನ ಮಜ್ಜೆಯನ್ನು ದಾನ ಕೊಡುತ್ತಾರೆ. ಇನ್ನೆಲ್ಲೋ ಒಂದು ಆಸ್ಪತ್ರೆಯಲ್ಲಿ, ಅವರ ಮುಖವನ್ನೂ ನೋಡದ ಯಾರೋ ಅದಕ್ಕಾಗಿ ಕಾಯುತ್ತಿರುತ್ತಾರೆ. ನಡುವಿನ ಸಾವಿರಾರು ಮೈಲಿಯನ್ನು ದಾಟಿಸುವವಳು ಇವಳು. ನೀಲಿ ಬಣ್ಣದ ತಂಪು ಡಬ್ಬಿ, ಹೆಗಲಿಗೆ ಅಗಲವಾದ ಪಟ್ಟಿ, ಮುಚ್ಚಳದ ಮೇಲೆ ಒಳಗಿನ ಚಳಿಯನ್ನು ತೋರಿಸುವ ಪುಟ್ಟ ಪರದೆ. ಡಬ್ಬಿಯನ್ನು ಕೆಳಗಿಟ್ಟು ಅತ್ತಿತ್ತ ಹೋಗುವಂತಿಲ್ಲ. ಎಕ್ಸ್‌ರೇ ಯಂತ್ರದೊಳಗೆ ಬಿಡುವಂತಿಲ್ಲ. ಶೌಚಾಲಯಕ್ಕೆ ಹೋದರೂ ಅದು ಜೊತೆಗೇ ಬರಬೇಕು. "ನನ್ನನ್ನ ಒಂದು ದಿನಾನೂ ಹೀಗೆ ಅಂಟಿಕೊಂಡಿಲ್ಲ ಇವಳು" ಎಂದು ಬೇಕರಿಯ ಒಲೆ ನೋಡಿಕೊಳ್ಳುವ ಗಂಡ ನಗುತ್ತಿದ್ದ. ಅತ್ತೆಯದು ಇನ್ನೊಂದು ರಾಗ: "ಮೂಳೆ ಹೊತ್ಕೊಂಡು ಲೋಕ ಸುತ್ತೋ ಸೊಸೆ ನನಗೊಬ್ಬಳಿಗೇ ಗಂಟು ಬಿದ್ದಿದ್ದು."

ಇದಕ್ಕೆ ಮೊದಲು ಹನ್ನೊಂದು ವರ್ಷ ಅವಳು ಆಸ್ಪತ್ರೆಯ ಮಹಡಿಯಿಂದ ಮಹಡಿಗೆ ರಕ್ತದ ಸೀಸೆಗಳನ್ನು ಸಾಗಿಸಿದವಳು. ಹನ್ನೊಂದು ವರ್ಷದಲ್ಲಿ ಒಂದು ಸೀಸೆಯೂ ಅವಳ ಕೈಯಿಂದ ಜಾರಿರಲಿಲ್ಲ. ಆ ಒಂದೇ ಅರ್ಹತೆಯ ಮೇಲೆ ಈ ಕೆಲಸ ಸಿಕ್ಕಿತ್ತು.

ಗಡಿಯಾರದ ಉಪಾಯ ಹುಟ್ಟಿದ್ದು ಮಗಳಿಂದ. ಶಾಲೆಯಲ್ಲಿ ಆಗಷ್ಟೆ ಗಂಟೆ ನೋಡುವುದನ್ನು ಕಲಿಯುತ್ತಿದ್ದ ಮಗಳು ಊಟದ ಮೇಜಿನ ಮೇಲೆ ಗಲ್ಲ ಊರಿ ಕೇಳಿದ್ದಳು, "ಅಮ್ಮ, ನಲವತ್ತೆಂಟು ಗಂಟೆ ಅಂದ್ರೆ ಚಿಕ್ಕ ಮುಳ್ಳು ಎಷ್ಟು ಸಲ ಸುತ್ತುತ್ತೆ?"

"ನೀನೇ ಲೆಕ್ಕ ಹಾಕು, ಮರಿ."

ಮಗಳು ಬೆರಳಿನಲ್ಲಿ ಮೇಜಿನ ಮೇಲೆ ಸುತ್ತು ಎಳೆದಳು. "ನಾಲ್ಕು. ನಾಲ್ಕು ಸುತ್ತು ಅಷ್ಟೇನಾ? ಅಷ್ಟರೊಳಗೆ ಕೊಟ್ಟುಬಿಡಬೇಕಾ?"

"ಅಷ್ಟೇ."

"ಹಾಗಾದ್ರೆ ನನ್ನ ಗಡಿಯಾರ ತಗೊಂಡು ಹೋಗು. ಡಬ್ಬಿ ಮುಚ್ಚಿದ ತಕ್ಷಣ ಹನ್ನೆರಡಕ್ಕೆ ಇಡು. ಕೊಟ್ಟಮೇಲೆ ಕೀಲಿ ಎಳೆದು ನಿಲ್ಲಿಸಿ ತಗೊಂಡು ಬಾ. ಎಷ್ಟಾಯ್ತು ಅಂತ ನಾನು ಓದ್ತೀನಿ."

ಅಂದಿನಿಂದ ಆರು ಪ್ರಯಾಣಗಳಲ್ಲಿ ಆರು ಸಲ ಮಗಳು ಓದಿದ್ದಳು. ಯಾವ ಸಲವೂ ಮೂರು ಸುತ್ತನ್ನು ದಾಟಿರಲಿಲ್ಲ.

ಏಳನೆಯದು ಸೋಮವಾರ, ಅವಳ ಊರಿನ ಆಸ್ಪತ್ರೆಯಿಂದಲೇ. ಮಜ್ಜೆಯ ಚೀಲಕ್ಕೆ ಮೊಹರು ಬಿದ್ದು ಡಬ್ಬಿ ಮುಚ್ಚಿದಾಗ ಸರಿಯಾಗಿ ಮಧ್ಯಾಹ್ನ ಹನ್ನೆರಡು. ಈ ಸಲ ಮುಳ್ಳು ತಿರುಗಿಸುವ ಕೆಲಸವೂ ಇರಲಿಲ್ಲ. ಸಹಿ ಹಾಕುವಾಗ ಅವಳ ಕಣ್ಣು ಚೀಟಿಯ ಮೇಲೆ ಹರಿಯಿತು. ರೋಗಿಯ ಹೆಸರು, ವಯಸ್ಸು ಯಾವುದೂ ಅವಳಿಗೆ ಗೊತ್ತಾಗಬಾರದು. ಚೀಟಿಯಲ್ಲಿ ಬರೀ ಒಂದು ಸಂಖ್ಯೆ ಇರುತ್ತದೆ. ಆದರೆ ಔಷಧದ ಪ್ರಮಾಣಕ್ಕೆಂದು ತೂಕ ಬರೆದಿರುತ್ತಾರೆ. ಹತ್ತೊಂಬತ್ತು ಕೇಜಿ.

ಕಳೆದ ತಿಂಗಳು ಮಗಳಿಗೆ ಜ್ವರ ಬಂದಾಗ ಡಾಕ್ಟರರ ತಕ್ಕಡಿ ತೋರಿಸಿದ್ದೂ ಅದನ್ನೇ. ಅವಳು ಚೀಟಿಯನ್ನು ಮಡಿಸಿ ಒಳಜೇಬಿಗೆ ಹಾಕಿಕೊಂಡಳು. ಡಬ್ಬಿಯ ಪಟ್ಟಿಯನ್ನು ಒಂದು ತೂತು ಬಿಗಿಮಾಡಿದಳು.

ದಾರಿಯ ಹಾಳೆಯನ್ನು ಎಂದಿನಂತೆ ಟೈಮ್‌ಟೇಬಲ್ ಮಾಮ ತಯಾರಿಸಿದ್ದರು. ಕಛೇರಿಯಲ್ಲಿ ವಿಮಾನಗಳನ್ನು ಹೊಂದಿಸುವ ಹಿರಿಯರು. ಯಾವ ವಿಮಾನ ಯಾವ ವಾರ ಎಷ್ಟಕ್ಕೆ ಹಾರುತ್ತದೆ ಎಂಬುದು ಅವರ ನಾಲಿಗೆಯ ತುದಿಯಲ್ಲಿ. ಕೊನೆಯ ಸಾಲನ್ನು ಕೆಂಪು ಪೆನ್ಸಿಲಿನಲ್ಲಿ ಬರೆದು ಎರಡು ಗೆರೆ ಎಳೆಯುವುದು ಅವರ ಪದ್ಧತಿ: 'ಬುಧವಾರ ಮಧ್ಯಾಹ್ನ 12ರೊಳಗೆ'. ಅಲ್ಲಿ ಆ ರೋಗಿಯ ಸ್ವಂತ ಮಜ್ಜೆಯನ್ನು ಔಷಧ ಕೊಟ್ಟು ಆಗಲೇ ಸುಟ್ಟಾಗಿತ್ತು. ಡಬ್ಬಿ ತಡವಾದರೆ ಇನ್ನೊಂದು ದಿನ ನೋಡೋಣ ಎನ್ನುವ ಹಾಗಿರಲಿಲ್ಲ.

ಮೊದಲ ವಿಮಾನ ಒಂಬತ್ತು ಗಂಟೆ ಹಾರಿ, ಮಂಗಳವಾರ ನಡುದಾರಿಯ ಊರಿನಲ್ಲಿ ಇಳಿದಾಗ ಅಲ್ಲಿ ಬೆಳಗಿನ ಐದು. ಬಲಗೈ ಗಡಿಯಾರವನ್ನು ಅವಳು ಮೂರು ಗಂಟೆ ಹಿಂದಕ್ಕೆ ತಿರುಗಿಸಿದಳು. ಏಳೂವರೆಗೆ ಎರಡನೆಯ ವಿಮಾನ. ಹನ್ನೆರಡು ಸಾವಿರದ ನಾನೂರು ಕಿಲೋಮೀಟರ್, ಹದಿನಾಲ್ಕು ಗಂಟೆ, ಒಂದೇ ಹಾರಾಟ. ಫೋನಿನಲ್ಲಿ ಆ ಎರಡು ನಿಲ್ದಾಣಗಳ ಹೆಸರನ್ನು ಕೊಟ್ಟು ನೋಡಿದರೆ ಭೂಗೋಳದ ಮೇಲೆ ಬಿಲ್ಲಿನಂಥ ಒಂದು ಗೆರೆ, ಪಕ್ಕದಲ್ಲಿ ಈ ಎರಡು ಅಂಕಿ. ಎಷ್ಟು ಸಲೀಸು.

ಆರು ಗಂಟೆಗೆ ಫಲಕದಲ್ಲಿ ಆ ವಿಮಾನದ ಮುಂದೆ 'ರದ್ದು' ಎಂದು ಬಂತು. ಎಂಜಿನ್ನಿಗೆ ಏನೋ ಆಗಿತ್ತಂತೆ. ಜನ ಕೌಂಟರಿನತ್ತ ನುಗ್ಗಿದರು. ಅವಳು ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು, ಬಸುರಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಸಾಲಿನಲ್ಲಿ ನಿಂತಳು.

ಕೌಂಟರಿನ ಹುಡುಗಿ ಒಳ್ಳೆಯವಳು. ಡಬ್ಬಿಯ ಮೇಲಿನ ಕೆಂಪು ಗುರುತನ್ನು ನೋಡಿದ್ದೇ ಬೇರೆಲ್ಲ ಬಿಟ್ಟು ಇವಳ ಕೆಲಸ ಹಿಡಿದಳು. "ಸಂಜೆ ಎಂಟಕ್ಕೆ ಇದೇ ದಾರೀಲಿ ಇನ್ನೊಂದು ಇದೆ, ಮೇಡಂ. ಕಿಟಕಿ ಪಕ್ಕದ ಸೀಟೇ ಕೊಡ್ತೀನಿ. ಬುಧವಾರ ಬೆಳಗಿನ ಜಾವ ಎರಡಕ್ಕೆ ಅಲ್ಲಿರ್ತೀರ."

ಅವಳು ಮಾಮನಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಚಮಚ ತಟ್ಟೆಗೆ ತಾಗಿದ ಸದ್ದು. "ಎರಡಕ್ಕಾ? ಹಾಯಾಗಿ ಹೋಗಮ್ಮ. ಕೊನೇ ಗಡುವು ಮಧ್ಯಾಹ್ನ ಹನ್ನೆರಡು. ಹತ್ತು ಗಂಟೆ ಕೈಯಲ್ಲಿದೆ. ಅಲ್ಲಿತನಕ ಎಲ್ಲಾದ್ರೂ ಕಾಲು ಚಾಚಿಕೋ."

ಕಾಲು ಚಾಚುವ ಮಾತು ಕೇಳಿದ್ದೇ ಅವಳ ಕಾಲಿಗೆ ಆಯಾಸವೆಲ್ಲ ಒಟ್ಟಿಗೆ ಇಳಿಯಿತು. ಹಿಂದಿನ ರಾತ್ರಿ ವಿಮಾನದಲ್ಲಿ ಕಣ್ಣು ಮುಚ್ಚಿರಲಿಲ್ಲ. ಅದಕ್ಕೆ ಹಿಂದಿನ ದಿನ ಮಗಳ ಶಾಲೆಯ ಬಟ್ಟೆ, ಅತ್ತೆಯ ಕಣ್ಣಿನ ಆಸ್ಪತ್ರೆ. ಪಾಸ್‌ಪೋರ್ಟನ್ನು ಕೌಂಟರಿನ ಮೇಲಿಡಲು ಎಡಗೈ ಚಾಚಿದಳು. ಕೋಟಿನ ತೋಳು ಮೇಲೆ ಸರಿದು ಗುಲಾಬಿ ಪಟ್ಟಿ ಕಂಡಿತು.

ಒಂಬತ್ತೂ ಹತ್ತು. ಎರಡನೆಯ ಸುತ್ತು.

ಅವಳು ಕೈಯನ್ನು ಅಲ್ಲೇ ನಿಲ್ಲಿಸಿದಳು. ಇಲ್ಲಿ ಸಂಜೆ ಎಂಟು ಎಂದರೆ ಇದರಲ್ಲಿ ಹನ್ನೊಂದು. ಅದರ ಮೇಲೆ ಹದಿನಾಲ್ಕು ಗಂಟೆ. ಮಗಳ ಹಾಗೆ ಬೆರಳಿನಿಂದ ಕೌಂಟರಿನ ಮೇಲೆ ಸುತ್ತು ಎಳೆದಳು. ಮೂರನೆಯದು ಮುಗಿಯಿತು, ನಾಲ್ಕನೆಯದೂ ಮುಗಿಯಿತು, ಬೆರಳು ಇನ್ನೂ ಮುಂದಕ್ಕೆ ಹೋಗಿ ಒಂದರ ಮೇಲೆ ನಿಂತಿತು. ಇನ್ನೊಮ್ಮೆ ಎಳೆದಳು. ಮತ್ತೆ ಅಲ್ಲಿಗೇ ಬಂತು. ವಿಮಾನ ನೆಲ ಮುಟ್ಟುವಾಗಲೇ ಐದನೆಯ ಸುತ್ತು ಶುರುವಾಗಿರುತ್ತದೆ. ಅಲ್ಲಿಂದಾಚೆಗೆ ರಸ್ತೆ, ಆಸ್ಪತ್ರೆ, ಪರೀಕ್ಷೆ.

ಮತ್ತೆ ಫೋನ್ ಮಾಡಿದಳು. "ಮಾಮ, ಹಾಳೇಲಿ ಬರೆದಿದೀರಲ್ಲ, ಬುಧವಾರ ಮಧ್ಯಾಹ್ನ ಅಂತ. ಯಾರ ಮಧ್ಯಾಹ್ನ ಅದು?"

"ಯಾರ ಮಧ್ಯಾಹ್ನ ಅಂದ್ರೆ? ಮಧ್ಯಾಹ್ನಕ್ಕೂ ಯಜಮಾನರಿರ್ತಾರಾ?"

"ಇರ್ತಾರೆ. ನಮ್ಮೂರಿನದಾ, ಅಲ್ಲಿಯದಾ?"

ಆ ಕಡೆ ಕಾಗದ ಸರಿದ ಸದ್ದು, ಪೆನ್ಸಿಲ್ ಗೀಚಿದ ಸದ್ದು. ಮಾಮ ಮಾತಾಡಿದಾಗ ದನಿಯಲ್ಲಿ ಮೊದಲಿನ ಹಗುರ ಇರಲಿಲ್ಲ. "ನಮ್ಮದು. ಸೋಮವಾರ ಹನ್ನೆರಡಕ್ಕೆ ಎರಡು ದಿನ ಸೇರಿಸಿ ಬರೆದಿದೀನಿ. ಅವರೂರು ಹನ್ನೊಂದು ಗಂಟೆ ಹಿಂದೆ. ಅಂದ್ರೆ ಅಲ್ಲಿ ಬುಧವಾರ ಹುಟ್ಟಿ ಒಂದು ಗಂಟೆಗೆಲ್ಲ ಗಡುವು ಮುಗೀತು. ಅಯ್ಯೋ ಪೆದ್ದ. ಆರು ವರ್ಷದಿಂದ ಹೀಗೇ ಬರೀತಾ ಬಂದಿದೀನಲ್ಲೇ ನಾನು."

ಅವರ ದಾರಿಗಳಲ್ಲಿ ಯಾವಾಗಲೂ ಹತ್ತು ಹನ್ನೆರಡು ಗಂಟೆ ಉಳಿದೇ ಇರುತ್ತಿತ್ತು. ಹಾಗಾಗಿ ಆ ತಪ್ಪು ಹಾಳೆಯಲ್ಲೇ ತಣ್ಣಗೆ ಮಲಗಿತ್ತು. ಅವಳೂ ಅದೇ ಹಾಳೆಯನ್ನು ಆರು ಸಲ ಮಡಿಸಿ ಜೇಬಿಗೆ ಹಾಕಿಕೊಂಡು ಹೋಗಿ ಬಂದವಳೇ.

"ಆಮೇಲೆ ಬೈಕೊಳ್ಳಿ, ಮಾಮ. ನಾನೂ ಸೇರ್ತೀನಿ. ಈಗ ಬೇರೆ ದಾರಿ ಹುಡುಕಿ."

ಮಾಮ ಆ ಕಡೆ, ಕೌಂಟರಿನ ಹುಡುಗಿ ಈ ಕಡೆ, ಇಬ್ಬರೂ ಹುಡುಕಿದರು. ಕೀಲಿಮಣೆಯ ಮೇಲೆ ಹುಡುಗಿಯ ಬೆರಳು ಆಡುವುದನ್ನು ಅವಳು ನೋಡುತ್ತ ನಿಂತಳು. ಒಂದರಲ್ಲಿ ಸೀಟಿಲ್ಲ. ಒಂದು ನಾಳೆಗೆ. ಒಂದರ ಬಾಗಿಲು ಆಗಲೇ ಮುಚ್ಚಿತ್ತು.

"ಒಂದು ಸಿಕ್ತು" ಎಂದ ಹುಡುಗಿ ಅನುಮಾನದಿಂದ ತಲೆ ಎತ್ತಿದಳು. "ಆದ್ರೆ ಬೇರೆ ಕಂಪನಿದು. ಉತ್ತರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಹಿಡಿದು ಕೆಳಗೆ ಇಳೀಬೇಕು. ತುಂಬಾ ಸುತ್ತು, ಮೇಡಂ."

"ಎಷ್ಟು ಸುತ್ತು?"

"ಎರಡೂ ಸೇರಿ ಹದಿನಾಲ್ಕು ಸಾವಿರದ ಇನ್ನೂರು ಕಿಲೋಮೀಟರ್. ನೇರ ದಾರಿಗಿಂತ ಸಾವಿರದ ಎಂಟ್ನೂರು ಜಾಸ್ತಿ."

"ದೂರ ಬೇಡಮ್ಮ, ಹೊತ್ತು ಹೇಳು. ಎಷ್ಟಕ್ಕೆ ಬಿಡುತ್ತೆ?"

"ಒಂಬತ್ತೂ ನಲವತ್ತಕ್ಕೆ. ಏಳು ಗಂಟೆ ಹಾರಾಟ. ಅಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಸಿಗುತ್ತೆ. ಆಮೇಲೆ ಒಂಬತ್ತೂವರೆ ಗಂಟೆ."

ಅವಳು ಮತ್ತೆ ಬೆರಳು ಎಳೆದಳು. ಈ ಸಲ ಕೌಂಟರಿನ ಹುಡುಗಿಯೂ ಬಾಗಿ ಆ ಬೆರಳನ್ನೇ ನೋಡಿದಳು. ಮೂರು ಸುತ್ತು ಮುಗಿದು, ನಾಲ್ಕನೆಯದರ ಅರ್ಧಕ್ಕೆ ಬಂದು ಬೆರಳು ನಿಂತಿತು. ಆರೂವರೆ.

"ನಿನ್ನದು ದಾರಿಯ ಸುತ್ತು, ನನ್ನದು ಮುಳ್ಳಿನ ಸುತ್ತು" ಎಂದಳು. "ನನ್ನದರಲ್ಲಿ ಇದೇ ಹತ್ತಿರದ ದಾರಿ. ಕೊಡು."

"ನಡುವಿನ ಸೀಟು ಒಂದೇ ಉಳಿದಿರೋದು. ಶೌಚಾಲಯದ ಪಕ್ಕ."

"ಒಳಗೇ ಕೂರಿಸಿದ್ರೂ ಹೋಗ್ತೀನಿ."

ಹುಡುಗಿ ನಕ್ಕು ಟಿಕೆಟ್ ಮುದ್ರಿಸಿದಳು.

ಏಳು ಗಂಟೆ ಅವಳು ಇಬ್ಬರು ದಪ್ಪ ಭುಜದವರ ನಡುವೆ ಕೂತಳು. ಡಬ್ಬಿ ಮುಂದಿನ ಸೀಟಿನ ಕೆಳಗೆ, ಅದರ ಪಟ್ಟಿ ಅವಳ ಕಾಲಿಗೆ ಎರಡು ಸುತ್ತು. ಪರದೆಯಲ್ಲಿ ನಾಲ್ಕೂವರೆ ಡಿಗ್ರಿ. ಗಂಟೆಗೊಮ್ಮೆ ಬಗ್ಗಿ ನೋಡಿ ಪುಸ್ತಕದಲ್ಲಿ ಗುರುತು ಹಾಕಿದಳು. ಎಡಗಡೆಯ ಭುಜ ಕೊನೆಗೂ ತಡೆಯಲಾರದೆ ಕೇಳಿತು, "ಏನಮ್ಮ ಅದು, ಅಷ್ಟು ಸಲ ನೋಡ್ತೀರಲ್ಲ? ಬೆಕ್ಕಾ?"

"ಬೆಕ್ಕಾಗಿದ್ರೆ ಇಷ್ಟೊತ್ತಿಗೆ ಅದೇ ನನ್ನನ್ನ ನೋಡ್ತಿತ್ತು."

ನಿದ್ದೆ ಬಂದಾಗಲೆಲ್ಲ ಅವಳು ಕಾಲನ್ನು ಸ್ವಲ್ಪ ಎಳೆದುಕೊಳ್ಳುತ್ತಿದ್ದಳು. ಪಟ್ಟಿ ಜಗ್ಗಿದರೆ ಎಚ್ಚರ.

ಉತ್ತರದ ನಿಲ್ದಾಣ ಮುಟ್ಟುವಾಗ ವಿಮಾನ ಇಪ್ಪತ್ತೈದು ನಿಮಿಷ ತಡ. ಉಳಿದದ್ದು ಐವತ್ತೈದು ನಿಮಿಷ. ಅವಳು ಓಡಲಿಲ್ಲ; ಓಡಿದರೆ ಡಬ್ಬಿ ಕುಲುಕುತ್ತದೆ. ರಕ್ತದ ಸೀಸೆಗಳ ಕಾಲದಲ್ಲಿ ಕಲಿತ ನಡಿಗೆ ಅವಳದು: ಸೊಂಟದಿಂದ ಮೇಲೆ ಕಲ್ಲಿನ ಹಾಗೆ, ಕೆಳಗೆ ಕಾಲು ಮಾತ್ರ ಬಿರಬಿರನೆ. ಭದ್ರತೆಯ ಸಾಲಿಗೆ ಬಂದಾಗ ನಲವತ್ತು ನಿಮಿಷ ಉಳಿದಿತ್ತು.

ಅಲ್ಲಿದ್ದ ತಪಾಸಣೆಯವನು ಆಸ್ಪತ್ರೆಯ ಪತ್ರವನ್ನು ಎರಡು ಸಲ ಓದಿದ. "ಇದರಲ್ಲಿರೋ ವಿಮಾನವೇ ಬೇರೆ. ನೀವು ಹೋಗ್ತಿರೋದೇ ಬೇರೆ."

"ಅದು ರದ್ದಾಯ್ತು."

"ಹಾಗಿದ್ರೆ ಈ ಪತ್ರ ನಡೆಯಲ್ಲ. ಡಬ್ಬಿ ಯಂತ್ರದೊಳಗೆ ಹಾಕಿ."

"ಹಾಕಲ್ಲ."

ಅವನು ಕೈ ಚಾಚಿದ. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಡಬ್ಬಿಯ ಮೇಲೆ ಎರಡೂ ಅಂಗೈ ಊರಿ ನಿಂತಳು. ದನಿ ಏರಿಸಲಿಲ್ಲ. "ಹೊರಗಡೆಯೆಲ್ಲ ಬಟ್ಟೆಯಲ್ಲಿ ಒರೆಸಿ ನೋಡಿ. ಮುಚ್ಚಳ ತೆಗೀತೀನಿ, ದೀಪ ಹಾಕಿ ನೋಡಿ. ನನ್ನನ್ನ ಆ ಯಂತ್ರದೊಳಗೆ ಮಲಗಿಸಿ, ಮಲಗ್ತೀನಿ. ಇದು ಮಾತ್ರ ಹೋಗಲ್ಲ. ನಿಮ್ಮ ಮೇಲಿನವರನ್ನ ಕರೀರಿ."

"ಹಿಂದೆ ಜನ ಕಾಯ್ತಿದಾರೆ."

"ಮುಂದೆಯೂ ಒಬ್ಬರು ಕಾಯ್ತಿದಾರೆ."

ಹಿಂದಿನ ಸಾಲು ಗೊಣಗಿತು. ಯಾರೋ ಹೆಸರಿಟ್ಟು ಬೈದರು. ಅವಳು ಹಾಗೆಯೇ ನಿಂತಿದ್ದಳು. ಆರು ನಿಮಿಷದ ಮೇಲೆ ಮೇಲ್ವಿಚಾರಕಿ ಬಂದಳು. ಕೂದಲು ಅರ್ಧ ಬೆಳ್ಳಗಾದ, ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸು. ಪತ್ರ ನೋಡಿದಳು, ರದ್ದಾದ ವಿಮಾನದ ಚೀಟಿ ನೋಡಿದಳು, ಕೊನೆಗೆ ಇವಳ ಕೈಗಳನ್ನು ನೋಡಿದಳು.

"ನಿಮ್ಮ ಈ ಗಡಿಯಾರ ಕೆಟ್ಟಿದೆ. ಇಲ್ಲೀಗ ಮಧ್ಯಾಹ್ನ."

"ಅದು ನನ್ನದಲ್ಲ, ಡಬ್ಬಿಯದು. ಮುಚ್ಚಿದಾಗಿಂದ ಎಷ್ಟಾಯ್ತು ಅಂತ ಹೇಳುತ್ತೆ. ನಾಲ್ಕು ಸುತ್ತಿನ ಮೇಲೆ ಒಳಗಿರೋದು ಕೆಲಸಕ್ಕೆ ಬರಲ್ಲ. ಇದು ಮೂರನೇದು."

ಮೇಲ್ವಿಚಾರಕಿ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಪತ್ರದಲ್ಲಿದ್ದ ಆಸ್ಪತ್ರೆಯ ಸಂಖ್ಯೆಗೆ ಫೋನ್ ಮಾಡಿದಳು. ಮೂರು ನಿಮಿಷ ಮಾತಾಡಿದಳು. ಆಮೇಲೆ ತಾನೇ ಕೈಗವಸು ಹಾಕಿ ಡಬ್ಬಿಯ ಮೈಯನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮಾತ್ರ ಸ್ಫೋಟಕ ಪತ್ತೆಹಚ್ಚುವ ಯಂತ್ರಕ್ಕೆ ಕೊಟ್ಟಳು. ಹಸಿರು ದೀಪ ಹತ್ತಿತು. ತಪಾಸಣೆಯವನ ಕಡೆ ತಿರುಗಿ, "ಇವರ ಜೊತೆ ಗೇಟಿನತನಕ ನಡಿ. ದಾರೀಲಿ ಇನ್ನೊಬ್ಬ ನಿನ್ನಂಥವನು ಸಿಕ್ಕಿದ್ರೆ ಮಾತಾಡೋದಕ್ಕೆ" ಎಂದಳು.

ಅವನು ಮುಂದೆ, ಇವಳು ಹಿಂದೆ. ಅರ್ಧ ದಾರಿಗೆ ಅವನೇ ಜನರನ್ನು ಸರಿಸತೊಡಗಿದ: "ದಾರಿ ಬಿಡಿ, ದಾರಿ ಬಿಡಿ." ಗೇಟಿನ ಬಳಿ ನಿಂತು, ನೆಲ ನೋಡುತ್ತ, "ನಿಯಮ ಅಂದ್ರೆ ನಿಯಮ ಅಲ್ವಾ, ಅಕ್ಕ" ಎಂದ.

"ನನಗೂ ಅಷ್ಟೇ ಕಣಪ್ಪ" ಎಂದು ಅವಳು ಒಳಗೆ ಹೋದಳು. ಅವಳ ಹಿಂದೆಯೇ ಬಾಗಿಲು ಮುಚ್ಚಿತು.

ಎರಡನೆಯ ಹಾರಾಟದಲ್ಲಿ ನಿದ್ದೆ ಕೇಳದೆಯೇ ಬಂತು. ಎಚ್ಚರವಾದಾಗ ಪಟ್ಟಿ ಕಾಲಿನಲ್ಲೇ ಇತ್ತು, ಪರದೆಯಲ್ಲಿ ಐದು ಡಿಗ್ರಿ. ಒಂದು ಗಂಟೆಯ ಗುರುತು ತಪ್ಪಿತ್ತು. ಆ ಜಾಗದಲ್ಲಿ ಸುಳ್ಳು ಅಂಕಿ ತುಂಬದೆ 'ನಿದ್ದೆ' ಎಂದು ಬರೆದಳು.

ಇಳಿದಾಗ ಆ ಊರಿನಲ್ಲಿ ಇನ್ನೂ ಮಂಗಳವಾರ, ಸಂಜೆ ಏಳೂವರೆ. ಎಡಗೈಯಲ್ಲಿ ಬುಧವಾರದ ಬೆಳಗಿನ ಆರೂವರೆ. ಆಸ್ಪತ್ರೆಯ ಕಾರು ಕಾಯುತ್ತಿತ್ತು. ದಾರಿಯುದ್ದಕ್ಕೂ ದೀಪ ಕೆಂಪಾದಾಗಲೆಲ್ಲ ಚಾಲಕ ನಾಲಿಗೆಯಿಂದ ಚ್ಚ್ ಎನ್ನುತ್ತಿದ್ದ. ಆ ಚ್ಚ್ ಅವಳಿಗೆ ಬಹಳ ಹಿತವೆನಿಸಿತು.

ಪ್ರಯೋಗಾಲಯ ಎರಡನೆಯ ಮಹಡಿಯಲ್ಲಿತ್ತು. ಬಿಳಿ ಟೋಪಿಯ ತಂತ್ರಜ್ಞ ಚೀಟಿಯ ಸಂಖ್ಯೆಯನ್ನು ಜೋರಾಗಿ ಓದಿದ, ಅವಳು ತನ್ನ ಪ್ರತಿಯಿಂದ ಓದಿದಳು. ಎರಡೂ ಕೂಡಿದವು. ಮುಚ್ಚಳ ತೆಗೆದು, ಗಾಢ ಕೆಂಪಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಅವನು ಒಳಗೆ ಹೋದ. ಹದಿನೆಂಟು ನಿಮಿಷ ಬಿಟ್ಟು ತಲೆ ಹೊರಗೆ ಹಾಕಿದ.

"ಚೆನ್ನಾಗಿದೆ. ಜೀವಕೋಶಗಳ ಎಣಿಕೆ ಸಾಕಷ್ಟಿದೆ. ಮೇಲೆ ಕಳಿಸ್ತಿದೀವಿ. ಇನ್ನೊಂದು ಗಂಟೇಲಿ ಏರಿಸೋಕೆ ಶುರು ಮಾಡ್ತಾರೆ. ನೀವಿನ್ನು ಹೋಗಿ ಮಲಗಬಹುದು."

ಕೆಲಸದ ಪ್ರಕಾರ ಅವಳದು ಅಲ್ಲಿಗೆ ಮುಗಿಯಿತು. ಸಹಿ ಬಿದ್ದಿತ್ತು. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅತ್ತೆ.

"ತಲುಪಿದ್ಯಾ? ಊಟ ಆಯ್ತಾ?"

"ಇನ್ನೂ ಇಲ್ಲ, ಅತ್ತೆ."

"ಯಾವತ್ತಿನ ಊಟ ಬಾಕಿ ಇಟ್ಟಿದೀಯ? ನಿನ್ನೇದಾ, ಇವತ್ತಿನದಾ? ನಿನಗೇ ಗೊತ್ತಿರಲ್ಲ. ಏನಾದ್ರೂ ತಿನ್ನು ಮೊದಲು. ತಡಿ, ಇವಳು ಕಿತ್ಕೊಳ್ತಿದಾಳೆ."

ಶಾಲೆಗೆ ಹೊರಟು ನಿಂತಿದ್ದ ಮಗಳ ಉಸಿರು ಫೋನಿಗೆ ಬಡಿಯಿತು. "ಅಮ್ಮ, ಎಷ್ಟು ಸುತ್ತು?"

"ನಾಲ್ಕನೇದು ನಡೀತಿದೆ."

"ನಾಲ್ಕನೇದಾ?" ದನಿ ಸಣ್ಣದಾಯಿತು. "ಕೀಲಿ ಎಳೆದ್ಯಾ?"

ಅವಳು ಗಡಿಯಾರ ನೋಡಿದಳು. ಎಂಟು ಹೊಡೆಯಲು ಐದು ನಿಮಿಷ. ಡಬ್ಬಿ ಕೊಟ್ಟ ಮೇಲೆ ಎಳೆಯಬೇಕೆಂದು ಮಾತು. ಆರು ಸಲವೂ ಹಾಗೇ ಮಾಡಿದ್ದಳು.

"ಇಲ್ಲ ಮರಿ. ನಾನು ಕೊಟ್ಟಿದೀನಿ. ಅವರಿಗೆ ಇನ್ನೂ ಸಿಕ್ಕಿಲ್ಲ."

"ಹಾಗಾದ್ರೆ ಸಿಕ್ಕಮೇಲೆ ಎಳಿ."

"ಹೂಂ."

ಫೋನ್ ಇಟ್ಟು ಕೋಟಿನ ಜೇಬಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. ಅರ್ಧ ಪುಡಿಯಾಗಿತ್ತು. ಖಾಲಿ ಡಬ್ಬಿ ಪಕ್ಕದಲ್ಲಿತ್ತು. ಕೂತವಳೇ ಅಭ್ಯಾಸದಂತೆ ಅದರ ಪಟ್ಟಿಯನ್ನು ಮತ್ತೆ ಕಾಲಿಗೆ ಸುತ್ತಿಕೊಂಡಿದ್ದಳು. ಬಿಳಿ ಟೋಪಿಯವನು ಒಮ್ಮೆ ಹಾದುಹೋಗುವಾಗ, "ಇನ್ನೂ ಇಲ್ಲೇ ಇದೀರಾ?" ಎಂದ. "ಇದೀನಿ" ಎಂದಳು. ಅವನು ಒಂದು ಲೋಟ ಚಹಾ ತಂದಿಟ್ಟು ಹೋದ. ಚಹಾ ಆರಿತು. ದೊಡ್ಡ ಮುಳ್ಳು ಹನ್ನೆರಡನ್ನು ದಾಟಿ ಮತ್ತೆ ಇಳಿಯತೊಡಗಿತು.

ಅವನು ಮೆಟ್ಟಿಲು ಇಳಿದು ಬಂದಾಗ ಟೋಪಿ ಕೈಯಲ್ಲಿತ್ತು. ದೂರದಿಂದಲೇ ತಲೆಯಾಡಿಸಿದ.

"ಶುರುವಾಯ್ತು. ಇಳೀತಾ ಇದೆ."

ಅವಳು ಉಗುರಿನಿಂದ ಪುಟ್ಟ ಕೀಲಿಯನ್ನು ಎಳೆದಳು. ಎಂಟು ಗಂಟೆ ಐವತ್ತೆರಡು ನಿಮಿಷ. ಗುಲಾಬಿ ಪಟ್ಟಿಯನ್ನು ಬಿಚ್ಚಿ, ಮಗಳು ಓದಲೆಂದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಮಣಿಕಟ್ಟಿನ ಮೇಲೆ ಮೂಡಿದ್ದ ಗೆರೆಯನ್ನು ಬೆರಳಿನಿಂದ ತಿಕ್ಕುತ್ತ, ಮಲಗಲು ಎಲ್ಲಿ ಹೋಗಬೇಕೆಂದು ಅವನನ್ನು ಕೇಳಿದಳು.